ಸೋಮಣ್ಣನವರ ಪಿಟೀಲು, ನನ್ನ ಕತ್ತರಿ

ರೆಕಾರ್ಡಿಂಗ್ ಕೆಲಸಕ್ಕೆ ಹೊಸದಾಗಿ ಇಳಿದವರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಚಿಕ್ಕಮಗಳೂರಿನ ಒಂದೇ ಸ್ಟುಡಿಯೊದಲ್ಲಿ ಮೂವತ್ತೈದು ವರ್ಷ ಕೂತಿದ್ದವನು ಎಂದು ಯಾರೋ ಹೇಳಿ ಕಳಿಸಿರುತ್ತಾರೆ. ಯಾವ ಮೈಕು ಒಳ್ಳೆಯದು, ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ನನಗೆ ಗೊತ್ತಿದ್ದ ಮೈಕುಗಳು ಈಗ ಸಿಗುವುದಿಲ್ಲ, ಅವರಿಗೆ ಗೊತ್ತಿರುವ ಸಾಫ್ಟ್‌ವೇರ್ ನನಗೆ ತಿಳಿಯುವುದಿಲ್ಲ. ಆದ್ದರಿಂದ ನಾನು ಕೆಲಸ ಹೇಗೆ ಕಲಿತೆ, ಎಲ್ಲೆಲ್ಲಿ ಕೆಡಿಸಿದೆ ಎಂಬುದನ್ನಷ್ಟೇ ಬರೆದಿಡುತ್ತಿದ್ದೇನೆ. ಸಹಾಯಕನಾಗಿದ್ದವನು ಯಾವಾಗ ಮುಖ್ಯನಾದೆ, ಯಾರು ಶಾಲು ಹೊದಿಸಿದರು, ಅದೆಲ್ಲ ಬಿಡಿ. ಕೆಡಿಸಿದ್ದರ ಪಟ್ಟಿಯೇ ಸಾಕಷ್ಟು ಉದ್ದವಿದೆ. ಅದರಲ್ಲಿ ಒಂದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಸ್ಟುಡಿಯೊ ಇದ್ದದ್ದು ಒಂದು ಕಾಫಿಪುಡಿ ಅಂಗಡಿಯ ಮಹಡಿಯ ಮೇಲೆ. ಮಾಡಿಗೆ ತಗಡಿನ ಶೀಟು. ಗೋಡೆಗೆ ಸದ್ದು ಹೀರುವ ಹಲಗೆ ಹಾಕಿಸುವ ಬದಲು ಮಾಲೀಕರಾದ ಶೇಷಣ್ಣ ಕಾಫಿಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿನಿಂದ ಹೊಟ್ಟು ತರಿಸಿ, ಗೋಣಿಚೀಲಕ್ಕೆ ತುಂಬಿ, ಗೋಡೆಯುದ್ದಕ್ಕೂ ಪೇರಿಸಿದ್ದರು. ಸದ್ದು ಚೆನ್ನಾಗಿಯೇ ಹೀರುತ್ತಿತ್ತು. ಇಲಿಗಳೂ ಚೆನ್ನಾಗಿಯೇ ಸಂಸಾರ ಹೂಡಿದ್ದವು. ಜೂನ್ ಬಂತೆಂದರೆ ಹೊಟ್ಟು ತೇವ ಹಿಡಿದು ಮುಗ್ಗಲು ವಾಸನೆ ಹೊಡೆಯುವುದು, ಶೀಟಿನ ಮೇಲೆ ಮಳೆ ಬಡಿಯುವುದು. ಸೆಪ್ಟೆಂಬರ್ ತನಕ ರೆಕಾರ್ಡಿಂಗ್ ಬಂದ್. ಆ ತಿಂಗಳುಗಳಲ್ಲಿ ನಾನು ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತ ಮಳೆಯನ್ನು ಬೈಯುತ್ತಿದ್ದೆ. ಮಳೆ ಎಂದರೆ ಕೆಲಸ ಕೆಡಿಸುವ ಸದ್ದು ಎಂದು ನನ್ನ ಕಿವಿಗೆ ಅಭ್ಯಾಸವಾದದ್ದು ಹಾಗೆ.

ಶೇಷಣ್ಣ ರೇಡಿಯೊ ರಿಪೇರಿಯಿಂದ ಮೇಲೆ ಬಂದವರು. ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ನಾನು ಒಂದು ಸಣ್ಣ ಗೊರಗೊರ ಸದ್ದು ಬಿಟ್ಟರೂ, "ಶ್ರೀಪಾದ, ನಿನ್ನ ಕಿವೀನ ಮನೇಲಿ ಬಿಟ್ಟು ಬಂದಿದೀಯೇನಯ್ಯ?" ಎಂದು ಎಲ್ಲರೆದುರು ಕೇಳುತ್ತಿದ್ದರು. ಅವರದು ಒಂದೇ ಕಾಯಿದೆ. ಅಪಸ್ವರ ನಮ್ಮ ಮೆಟ್ಟಿಲು ಇಳಿದು ಬೀದಿಗೆ ಹೋಗಬಾರದು. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಭಜನಾ ಮಂಡಳಿಯವರು, ಮದುವೆ ಹಾಡಿನವರು. ಶ್ರುತಿಪೆಟ್ಟಿಗೆ ಇಟ್ಟು, ಅದಕ್ಕೆ ಸೇರಿದ್ದನ್ನು ಉಳಿಸು, ಸೇರದ್ದನ್ನು ತೆಗೆ. ಅಷ್ಟೇ ಕೆಲಸ.

ನನ್ನ ಮೊದಲ ದೊಡ್ಡ ಎಡವಟ್ಟು ಗೋಣಿಬೀಡಿನ ಒಂದು ಮಂಡಳಿಯ ಮುಂದೆ ಆಯಿತು. ಹನ್ನೊಂದು ಜನ ಒಂದೂವರೆ ತಾಸು ಹಾಡಿದರು. ಮುಗಿದ ಮೇಲೆ ನೋಡಿದರೆ ಟೇಪು ತಡೆಹಿಡಿಯುವ ಪಾಜ್ ಗುಂಡಿ ಒತ್ತಿದಂತೆಯೇ ಇದೆ. ಟೇಪು ಒಂದು ಇಂಚೂ ಸರಿದಿಲ್ಲ. ನಿಜ ಹೇಳಲು ಬಾಯಿ ಬರಲಿಲ್ಲ. "ಚೆನ್ನಾಗಿತ್ತು, ಆದ್ರೆ ಶ್ರುತಿ ಸ್ವಲ್ಪ ಕೆಳಗಿತ್ತು. ಇನ್ನೊಂದು ಸಲ ಹಾಡಿದ್ರೆ ಒಳ್ಳೇದು" ಎಂದೆ. ಪಾಪ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಿಸಿನೀರು ಕುಡಿದು ಮತ್ತೆ ಹಾಡಿದರು. ಹೋಗುವಾಗ ಅವರ ಹಿರಿಯರು ನನ್ನ ಕೈ ಹಿಡಿದು, "ನೀವು ತಿದ್ದಿದ್ದು ಒಳ್ಳೇದಾಯ್ತು" ಎಂದರು. ನಮ್ಮ ತಪ್ಪನ್ನು ಹಾಡುವವರ ಮೇಲೆ ಹಾಕಿದರೆ ಅವರು ನಂಬುತ್ತಾರೆ ಎಂಬ ಪಾಠ ನನಗೆ ಆ ದಿನ ಸಿಕ್ಕಿತು. ಕೆಟ್ಟ ಪಾಠ. ಬೇಗ ಕಲಿತೆ.

ಇನ್ನೊಂದು ಅತ್ತಿಗುಂಡಿಯದು. ಸಿದ್ದಮ್ಮ ಎಂಬ ವಯಸ್ಸಾದ ಹೆಂಗಸು, ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುತ್ತಿದ್ದವಳು, ಮಗಳ ಜೊತೆ ಬಂದು ಸೋಬಾನೆ ಪದ ಹಾಡಿದಳು. ನಡುವೆ ಸಾಲು ಮರೆತು, "ಮುಂದೇನೇ?" ಎಂದು ಮಗಳನ್ನು ಕೇಳಿ, ಇಬ್ಬರೂ ನಕ್ಕು, ಮತ್ತೆ ಹಿಡಿದಳು. ನಾನು ಅದನ್ನೆಲ್ಲ ಬ್ಲೇಡಿನಲ್ಲಿ ಕತ್ತರಿಸಿ, ಟೇಪನ್ನು ನಾಜೂಕಾಗಿ ಅಂಟಿಸಿದೆ. ಕ್ಯಾಸೆಟ್ ತೆಗೆದುಕೊಳ್ಳಲು ಬಂದ ಮಗಳು ಪೂರ್ತಿ ಕೇಳಿ, "ಅವ್ವ ನಗ್ತಿದ್ಲಲ್ಲ ಸಾರ್, ಅದೆಲ್ಲಿ?" ಎಂದಳು. "ಅದು ತಪ್ಪಲ್ವಾ, ತೆಗ್ದೆ" ಎಂದೆ. "ಓ, ತಪ್ಪಾ" ಎಂದು ಕ್ಯಾಸೆಟ್ಟನ್ನು ಸೆರಗಿಗೆ ಸುತ್ತಿಕೊಂಡು ಇಳಿದು ಹೋದಳು. ಅಂಟಿಸಿದ ಜಾಗ ಯಾರಿಗೂ ತಿಳಿಯುವಂತಿರಲಿಲ್ಲ ಎಂದು ನಾನು ಆ ದಿನವಿಡೀ ಬೀಗುತ್ತಿದ್ದೆ.

ಆಮೇಲೆ ಕಂಪ್ಯೂಟರ್ ಬಂತು. ಬ್ಲೇಡು, ಅಂಟುಪಟ್ಟಿ ಎಲ್ಲ ಡ್ರಾಯರಿಗೆ ಹೋದವು. ಕೆಲವೇ ವರ್ಷಗಳಲ್ಲಿ ಸ್ವರ ತಿದ್ದುವ ಸಾಫ್ಟ್‌ವೇರೂ ಬಂತು. ಪರದೆಯ ಮೇಲೆ ಪ್ರತಿ ಸ್ವರವೂ ಒಂದೊಂದು ಪಟ್ಟಿಯಾಗಿ ಕಾಣುತ್ತದೆ. ಗೆರೆಯಿಂದ ಕೆಳಗಿದ್ದರೆ ಮೇಲಕ್ಕೆ ಎಳೆ, ಮೇಲಿದ್ದರೆ ಕೆಳಕ್ಕೆ ಎಳೆ. ಗೊಗ್ಗರು ದನಿಯವನೂ ಶ್ರುತಿಯಲ್ಲಿ ಹಾಡುತ್ತಾನೆ. ವಯಸ್ಸಾಗಿದ್ದ ಶೇಷಣ್ಣ ಮೂಲೆಯ ಕುರ್ಚಿಯಲ್ಲಿ ಕೂತು ಇದನ್ನು ನೋಡಿ, "ಇದು ನಂಗೆ ಮೂವತ್ತು ವರ್ಷ ಮೊದಲು ಸಿಗಬೇಕಿತ್ತು" ಎಂದು ನಿಟ್ಟುಸಿರು ಬಿಟ್ಟರು. ನನಗಂತೂ ಹೊಸ ಬೈಕು ಕೊಂಡವನ ಹುಚ್ಚು. ತಿದ್ದುವುದಕ್ಕೆ ಏನಾದರೂ ಸಿಕ್ಕೀತೇ ಎಂದು ಕಾಯುತ್ತಿದ್ದೆ.

ಸೋಮಣ್ಣನವರು ಮೆಟ್ಟಿಲು ಹತ್ತಿ ಬಂದದ್ದು ಅಂಥ ಹೊತ್ತಿನಲ್ಲಿ. ಬಾಳೂರು ಕಡೆಯ ಪ್ಲಾಂಟರು. ನಮ್ಮ ಜಿಲ್ಲೆಯ ಪ್ಲಾಂಟರುಗಳ ಕ್ಲಬ್ಬಿನಲ್ಲಿ ನಲವತ್ತು ವರ್ಷ ಶನಿವಾರದ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನುಡಿಸಿದವರು. ಎಲ್ಲರ ಬಾಯಲ್ಲೂ ಸ್ಯಾಕ್ಸ್ ಸೋಮಣ್ಣ. ಅವರು ನುಡಿಸುತ್ತಿದ್ದದ್ದು ಜಾಝ್. ಒಂದು ಹಾಡಿನ ದಾರಿಯಲ್ಲಿ ಹೊರಟು, ಸ್ವಲ್ಪ ದೂರ ಹೋದ ಮೇಲೆ ದಾರಿ ಬಿಟ್ಟು, ತನಗೆ ತೋಚಿದ ಕಡೆ ಹೋಗಿ ಮತ್ತೆ ಬಂದು ಸೇರಿಕೊಳ್ಳುವ ಸಂಗೀತ ಎಂದು ಅವರೇ ಒಮ್ಮೆ ನನಗೆ ವಿವರಿಸಿದ್ದರು. ಆಗ ಅವರಿಗೆ ಎಪ್ಪತ್ತರ ಹತ್ತಿರ.

"ಶ್ರೀಪಾದ, ಒಂದು ಆಲ್ಬಂ ಮಾಡ್ಬೇಕಲ್ಲ ಮಾರಾಯ."

"ಮಾಡೋಣ ಸರ್. ಸ್ಯಾಕ್ಸಿಗೆ ನಮ್ಮಲ್ಲಿ ಒಳ್ಳೆ ಮೈಕಿದೆ."

"ಸ್ಯಾಕ್ಸ್ ಅಲ್ಲ. ಪಿಟೀಲು."

"ಯಾರು ನುಡಿಸೋದು?"

"ನಾನೇ."

ಪಿಟೀಲು ಕೊಂಡು ಅವರಿಗೆ ಆಗಿನ್ನೂ ಎಂಟು ತಿಂಗಳು. ಗುರುಗಳ ಬಳಿ ಹೋಗಿರಲಿಲ್ಲ. ಬೇಕೆಂದೇ ಹೋಗಿರಲಿಲ್ಲ. ನನ್ನ ಮುಖ ನೋಡಿ ನಕ್ಕರು. "ಜಾಝಿನಲ್ಲಿ ಇದು ಹಳೇ ಹುಚ್ಚು ಕಣಯ್ಯ. ಸ್ಯಾಕ್ಸಿನವನು ಪಿಟೀಲು ಹಿಡಿದಿದಾನೆ. ಡ್ರಮ್ಮಿನವನು ಪಿಯಾನೋ ಮುಂದೆ ಕೂತಿದಾನೆ. ದೊಡ್ಡ ದೊಡ್ಡವರು. ಕೇಳಿದವರು ಬೈದಿದಾರೆ ಅನ್ನು. ನಂಗೆ ಆ ರೆಕಾರ್ಡುಗಳೇ ಇಷ್ಟ."

"ಆದ್ರೆ ಯಾಕೆ ಸರ್? ಸ್ಯಾಕ್ಸ್ ನಿಮಗೆ ನೀರು ಕುಡಿದ ಹಾಗೆ."

"ಅದಕ್ಕೇ. ಸ್ಯಾಕ್ಸ್ ಹಿಡಿದ್ರೆ ನಾನು ಯೋಚನೆ ಮಾಡೋಕೆ ಮುಂಚೇನೇ ಬೆರಳು ಓಡುತ್ತೆ. ನಲವತ್ತು ವರ್ಷದಿಂದ ಅದೇ ದಾರಿ. ನುಡಿಸ್ತಿರೋದು ನಾನಾ, ಬೆರಳಾ ಗೊತ್ತಾಗಲ್ಲ. ಪಿಟೀಲಲ್ಲಿ ಒಂದು ಸ್ವರ ಎಲ್ಲಿದೆ ಅಂತ ಹುಡುಕಬೇಕು. ಹುಡುಕ್ತಾ ಇರುವಾಗ ಏನು ಕೇಳುತ್ತೋ ಅದು ನಾನು. ಅದನ್ನ ಹಿಡಿದಿಡು." ಆಮೇಲೆ ಬೆರಳೆತ್ತಿ ಹೇಳಿದರು: "ಕೈ ಮಾತ್ರ ಹಚ್ಚಬೇಡ. ತಪ್ಪಿದ್ರೆ ತಪ್ಪಿದ ಹಾಗೇ ಇರ್ಲಿ."

ಆಗಲಿ ಸರ್ ಎಂದೆ. ಈ ಎರಡು ಪದಗಳನ್ನು ನಾನು ಅವರಿಗೆ ಕೊಟ್ಟಿದ್ದೆ ಎಂಬುದನ್ನು ಓದುವವರು ನೆನಪಿಡಬೇಕು.

ರೆಕಾರ್ಡಿಂಗ್ ಮಾರ್ಚಿನಲ್ಲಿ, ಎರಡು ದಿನ. ಕೀಬೋರ್ಡಿಗೆ ಫಿಲೋಮಿನಾ ಟೀಚರ್ ಬಂದಿದ್ದರು. ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದವರು, ಕ್ಲಬ್ಬಿನ ಬ್ಯಾಂಡಿನಲ್ಲಿ ಸೋಮಣ್ಣನವರ ಹಳೆಯ ಜೊತೆಗಾತಿ. ಸೋಮಣ್ಣ ಕಮಾನು ಎಳೆದರು. ಒಂದು ಸ್ವರ ಗೆರೆಗಿಂತ ತುಸು ಕೆಳಗೆ ಹುಟ್ಟಿ, ಮೇಲಕ್ಕೆ ಜಾರಿ, ಮುಟ್ಟಿತೋ ಇಲ್ಲವೋ ಎನ್ನುವಲ್ಲಿ ನಿಂತಿತು. ಆಮೇಲೆ ಮೌನ. ಟೀಚರ್ ಕೀಲಿಗಳ ಮೇಲೆ ಕೈ ಎತ್ತಿಹಿಡಿದು ಕಾಯುತ್ತಿದ್ದರು. ಸೋಮಣ್ಣ ಮುಂದಿನ ಸ್ವರವನ್ನು ಕತ್ತಲೆಯಲ್ಲಿ ಚಿಲಕ ತಡಕಿದ ಹಾಗೆ ಹುಡುಕಿ ಹಿಡಿದರೆ, ಟೀಚರ್ ಅದರ ಕೆಳಗೆ ಮೆತ್ತಗೆ ಒಂದು ಹಿಡಿ ಸ್ವರ ಇಡುತ್ತಿದ್ದರು. ನಾನು ಹೆಡ್‌ಫೋನು ಹಾಕಿಕೊಂಡು, ಅಯ್ಯೋ ದೇವರೇ, ಇದನ್ನು ಹೇಗಪ್ಪಾ ಹೊರಗೆ ಕಳಿಸುವುದು ಎಂದುಕೊಳ್ಳುತ್ತಿದ್ದೆ.

ಎರಡನೆಯ ದಿನ ಮಧ್ಯಾಹ್ನ ಐದನೆಯ ಹಾಡಿನ ನಡುವೆ ಶೀಟಿನ ಮೇಲೆ ಟಪಟಪ ಶುರುವಾಯಿತು. ಆ ವರ್ಷದ ಮೊದಲ ಹೂಮಳೆ. ಕಾಫಿಯವರಿಗೆ ವರ್ಷದ ಫಸಲು ನಿಂತಿರುವುದೇ ಆ ಮಳೆಯ ಮೇಲೆ. ಅದು ಬಿದ್ದರೆ ಒಂಬತ್ತು ಹತ್ತು ದಿನಕ್ಕೆ ಗಿಡವೆಲ್ಲ ಬಿಳಿಯಾಗುತ್ತದೆ. ಬೇರೆ ಯಾವ ಪ್ಲಾಂಟರಾದರೂ ಆ ಕ್ಷಣ ಎದ್ದು ಓಡಿ, ನಮ್ಮ ಕಡೆ ಎಷ್ಟು ಬಿತ್ತು ಎಂದು ತೋಟದ ಲೆಕ್ಕ ನೋಡುವ ರೈಟರಿಗೆ ಫೋನು ಮಾಡುತ್ತಿದ್ದರು. ಸೋಮಣ್ಣ ಏಳಲಿಲ್ಲ. ಒಮ್ಮೆ ಮಾಡಿನ ಕಡೆ ನೋಡಿ, ಮುಗುಳ್ನಕ್ಕು, ಅದೇ ಒಂದು ಜಾರುವ ಸ್ವರವನ್ನು ಮತ್ತೆ ಮತ್ತೆ ನುಡಿಸಿದರು. ಮಳೆ ಜೋರಾದಾಗ ಮೆತ್ತಗೆ, ಮಳೆ ಕಡಿಮೆಯಾದಾಗ ಜೋರಾಗಿ. ಟೀಚರ್ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ನಾನು ಗಾಜಿನ ಹಿಂದೆ ಕೂತು, ಟೇಕು ಹಾಳಾಯಿತು ಎಂದು ಪುಸ್ತಕದಲ್ಲಿ ಬರೆದುಕೊಂಡೆ.

ಶೇಷಣ್ಣ ಮಾರನೆಯ ದಿನ ಅರ್ಧ ನಿಮಿಷ ಕೇಳಿ, "ಕ್ಲೀನ್ ಮಾಡು" ಎಂದರು. ಎಲ್ಲವನ್ನೂ ಅವರ ತಲೆಗೆ ಕಟ್ಟಿಬಿಡಬಹುದು, ಅವರೀಗ ಇಲ್ಲ. ಆದರೆ ಅವರು ಹೇಳಿದ್ದು ಎರಡು ಪದ. ನಾನು ಮಾಡಿದ್ದು ಒಂಬತ್ತು ದಿನದ ಕೆಲಸ. ಆ ಒಂಬತ್ತು ದಿನವೂ ನನಗೆ ಊಟ ತಿಂಡಿಯ ಪರಿವೆ ಇರಲಿಲ್ಲ. ಸೋಮಣ್ಣನವರ ಒಂದೊಂದು ಜಾರುವ ಸ್ವರವನ್ನೂ ಹಿಡಿದು ಗೆರೆಯ ಮೇಲೆ ಕೂರಿಸಿದೆ. ಅವರು ಹುಡುಕುತ್ತಿದ್ದ ಮೌನಗಳನ್ನೆಲ್ಲ ಕತ್ತರಿಸಿ ಆಚೀಚೆಯನ್ನು ಜೋಡಿಸಿದೆ. ಹೂಮಳೆಯನ್ನು ಫಿಲ್ಟರ್ ಹಾಕಿ ಒರೆಸಿದೆ. ಶ್ರುತಿಪೆಟ್ಟಿಗೆಗೆ ಒಗ್ಗಿದ್ದ ಕಿವಿಗೆ, ಎರಡು ಸ್ವರಗಳ ನಡುವೆ ಬೇಕೆಂದೇ ಕೂತ ಸ್ವರವೂ ಇರುತ್ತದೆ ಎಂದು ಹೊಳೆಯಲೇ ಇಲ್ಲ. ಹೊಳೆಯದಿದ್ದರೂ ಅವರ ಮಾತು ನೆನಪಿತ್ತು. ಕೇಳಿದ ಮೇಲೆ ಅವರೇ ಖುಷಿಪಡುತ್ತಾರೆ, ಕೈ ಹಚ್ಚಿದ್ದಕ್ಕೆ ಕೈ ಮುಗಿಯುತ್ತಾರೆ ಎಂದುಕೊಂಡಿದ್ದೆ. ಅಷ್ಟು ಅಹಂಕಾರ.

ಮುಗಿಸಿದ ಮೇಲೆ ಮೂಲ ರೆಕಾರ್ಡಿಂಗನ್ನು ಅಳಿಸಿದೆ. ಡಿಸ್ಕಿನಲ್ಲಿ ಜಾಗ ಬೇಕಿತ್ತು ಎನ್ನಬಹುದು, ನಿಜ ಅದಲ್ಲ. ಸ್ವಚ್ಛವಾದದ್ದು ಇರುವಾಗ ಕೊಳಕಾದದ್ದು ಯಾರಿಗೆ ಬೇಕು ಎಂದು ಅಳಿಸಿದೆ.

ಸಿ.ಡಿ. ಕೇಳಲು ಸೋಮಣ್ಣ, ಟೀಚರ್ ಇಬ್ಬರೂ ಬಂದರು. ಮೊದಲ ಹಾಡು ಮುಗಿಯಿತು, ಎರಡನೆಯದು ಮುಗಿಯಿತು. ಫಿಲೋಮಿನಾ ಟೀಚರ್ ಹುಬ್ಬು ಗಂಟಿಕ್ಕಿ, "ಶ್ರೀಪಾದ, ನಾನು ಕಾದಿದ್ದೆಲ್ಲ ಎಲ್ಲಿ ಹೋಯ್ತು?" ಎಂದರು. ನಾನು ನಕ್ಕೆ. ಐದನೆಯ ಹಾಡಿನಲ್ಲಿ ಪಿಟೀಲು ಮಳೆಯಿಲ್ಲದ ಖಾಲಿ ಜಾಗದಲ್ಲಿ ಒಂದೇ ಸ್ವರವನ್ನು ಸುಮ್ಮನೆ ಮತ್ತೆ ಮತ್ತೆ ನುಡಿಸುತ್ತಿತ್ತು, ಕೆಟ್ಟುಹೋದ ಯಂತ್ರದಂತೆ. ಸೋಮಣ್ಣ ಕೊನೆಯವರೆಗೂ ಕೇಳಿದರು. ಆಮೇಲೆ ಬಹಳ ಮರ್ಯಾದೆಯಿಂದ, "ಚೆನ್ನಾಗಿದೆ. ಯಾರು ನುಡಿಸಿದ್ದು?" ಎಂದು ಕೇಳಿದರು.

ತಮಾಷೆ ಎಂದುಕೊಂಡು ಅದಕ್ಕೂ ನಕ್ಕೆ. ಅವರು ನಗಲಿಲ್ಲ.

"ಮೊದಲಿನದು ಕೊಡು. ಹೇಗಿತ್ತೋ ಹಾಗೆ."

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ, "ಡಿಸ್ಕ್ ಕೆಟ್ಟುಹೋಯ್ತು ಸರ್. ಅದರ ಜೊತೆ ಮೂಲನೂ ಹೋಯ್ತು. ಇದೊಂದು ಹೇಗೋ ಉಳೀತು" ಎಂದೆ. ಗೋಣಿಬೀಡಿನವರ ಮುಂದೆ ಬಂದಷ್ಟೇ ಸಲೀಸಾಗಿ ಬಂತು. ಸೋಮಣ್ಣ ನನ್ನನ್ನೇ ನೋಡಿದರು. ಹೋಗಲಿ ಬಿಡು, ಇನ್ನೊಂದು ಸಲ ನುಡಿಸಿದರಾಯ್ತು ಎಂದು ಎದ್ದರು. ಸಿ.ಡಿ.ಯನ್ನು ತೆಗೆದುಕೊಂಡು ಹೋಗಲಿಲ್ಲ. ಕವರಿನ ಮೇಲೆ, ಪಿಟೀಲು ಎಂದು ಬರೆದ ಕಡೆ ಅವರ ಹೆಸರಿದ್ದ ಆ ಸಿ.ಡಿ. ನನ್ನ ಬಳಿಯೇ ಉಳಿಯಿತು.

ಮತ್ತೆ ಅವರು ಬಂದದ್ದು ಎರಡು ವರ್ಷದ ನಂತರ. ನಡುವೆ ತೋಟದಲ್ಲಿ ಏನೇನೋ ತಾಪತ್ರಯ, ಟೀಚರಿಗೆ ಮೊಣಕಾಲಿನ ಆಪರೇಷನ್. ಅಷ್ಟು ದಿನವೂ ಅವರು ದಿನಾ ನುಡಿಸುತ್ತಲೇ ಇದ್ದರಂತೆ. "ಪಾರ್ಚ್‌ಮೆಂಟ್ ಕಾಫಿ ಒಣಗಿಸೋ ಕಣದ ಪಕ್ಕ ಸ್ಟೂಲು ಹಾಕ್ಕೊಂಡು ಕೂರ್ತೀನಿ. ಮೊದಲು ಆಳುಗಳು ನಗೋರು. ಈಗ ನಗಲ್ಲ" ಎಂದು ಕಮಾನಿಗೆ ರಾಳ ಉಜ್ಜುತ್ತ ಹೇಳಿದರು. ನಾನು ಈ ಸಲ ಏನನ್ನೂ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡು ಗುಂಡಿ ಒತ್ತಿದೆ.

ಹತ್ತು ನಿಮಿಷ ನುಡಿಸಿದರು. ಚೆನ್ನಾಗಿತ್ತು. ಸ್ವರ ಸಿಗಬೇಕಾದ ಕಡೆ ಸಿಗುತ್ತಿತ್ತು, ಟೀಚರ್ ಎಲ್ಲೂ ಕಾಯಬೇಕಾಗಲಿಲ್ಲ. ಸೋಮಣ್ಣ ನಿಲ್ಲಿಸಿ ಪಿಟೀಲನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಆಗಲ್ಲ."

"ಯಾಕೆ ಸರ್? ಬಹಳ ಚೆನ್ನಾಗಿ ಬರ್ತಿತ್ತು."

"ಅದೇ ಕಷ್ಟ ಮಾರಾಯ. ಕಲಿತುಬಿಟ್ಟಿದೀನಿ. ಬೆರಳಿಗೆ ಇದರ ದಾರಿನೂ ಗೊತ್ತಾಗಿಹೋಗಿದೆ." ಎಡಗೈಯನ್ನು ತಿರುಗಿಸಿ ಬೆರಳ ತುದಿಯ ಗಂಟುಗಳನ್ನು ನೋಡಿಕೊಂಡರು. "ಗೊತ್ತಿಲ್ಲದ್ದನ್ನ ಒಂದೇ ಸಲ ನುಡಿಸೋಕಾಗೋದು."

ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಬಕಲು ಬಿಗಿದರು. ಟೀಚರ್ ಕಣ್ಣೊರೆಸಿಕೊಂಡು ಕೀಬೋರ್ಡಿನ ಬಟ್ಟೆ ಮುಚ್ಚಿದರು. ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಅವರ ಪೆಟ್ಟಿಗೆ ಎತ್ತಿಕೊಂಡು ಕೆಳಗೆ ಜೀಪಿನವರೆಗೆ ಹೋಗಿ ಬಾಗಿಲು ಹಾಕಿ ಬಂದೆ. ನನ್ನಿಂದ ಆದ ಸೇವೆ ಅಷ್ಟು.

ಸ್ಟುಡಿಯೊ ಮುಚ್ಚಿ ನಾನು ಮನೆಯಲ್ಲಿ ಕೂತ ಮೇಲೆ ಇದು ನನ್ನನ್ನು ಹಗಲೆಲ್ಲ ಕಾಡತೊಡಗಿತು. ಕೆಲಸವಿದ್ದಾಗ ಮರೆಯಲು ಒಂದು ನೆಪವಿರುತ್ತದೆ. ಕಳೆದ ಜನವರಿಯಲ್ಲಿ ಒಂದು ದಿನ ಆ ಸಿ.ಡಿ.ಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ತೋಟವನ್ನು ಈಗ ಮಗಳು ನೋಡಿಕೊಳ್ಳುತ್ತಾಳೆ, ಸೋಮಣ್ಣ ಹೆಚ್ಚಾಗಿ ಕ್ಲಬ್ಬಿನಲ್ಲಿ ಇರುತ್ತಾರೆ ಎಂದು ಕೇಳಿದ್ದೆ. ಬಿಲಿಯರ್ಡ್ಸ್ ಕೋಣೆಯ ಹೊರಗೆ ಬೆತ್ತದ ಕುರ್ಚಿಯಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದರು. ಎಂಬತ್ತು ದಾಟಿದೆ, ಕಿವಿ ಮಾತ್ರ ಹಾಗೇ ಇದೆ. ಎದುರು ಕೂತು ಎಲ್ಲ ಹೇಳಿದೆ. ಡಿಸ್ಕ್ ಕೆಟ್ಟಿರಲಿಲ್ಲ, ನಾನೇ ಅಳಿಸಿದೆ, ನಿಮ್ಮ ಮಾತು ಮುರಿದೆ, ಮೇಲೆ ಸುಳ್ಳೂ ಹೇಳಿದೆ ಎಂದೆ.

"ಗೊತ್ತಿತ್ತು ಕಣಯ್ಯ" ಎಂದರು.

"ಯಾವಾಗಿಂದ?"

"ಅವತ್ತೇ. ನೀನು ಡಿಸ್ಕ್ ಕೆಟ್ಟುಹೋಯ್ತು ಅನ್ನೋಕೆ ಮುಂಚೆ ಸುಮ್ಮನಾದೆ. ಒಂದು ಉಸಿರಿನಷ್ಟು. ನಿಜ ಹೇಳೋಕೆ ಅಷ್ಟು ಹೊತ್ತು ಯಾಕೆ ಬೇಕು?"

ನಾನು ಕಸವೆಂದು ಕತ್ತರಿಸಿ ಎಸೆಯುತ್ತಿದ್ದ ಅಂಥದೇ ಒಂದು ಮೌನದಿಂದ ಅವರು ನನ್ನನ್ನು ಪೂರ್ತಿ ಓದಿದ್ದರು.

"ಮತ್ತೆ ನೀವು ಏನೂ ಹೇಳಲಿಲ್ಲ."

"ನೀನೇ ಹೇಳ್ತೀಯೇನೋ ಅಂತ ಕಾದೆ. ಎರಡನೇ ಸಲ ಬಂದಾಗಲೂ ಕಾದೆ. ಜೀಪಿನ ತನಕ ಬಂದೆಯಲ್ಲ, ಆಗಲೂ." ಆಮೇಲೆ, "ಹನ್ನೆರಡು ವರ್ಷ ತಗೊಂಡೆ ಮಾರಾಯ" ಎಂದರು.

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಆ ಸಿ.ಡಿ. ಇನ್ನೂ ಇದೆಯೇ ಎಂದು ಕೇಳಿದರು. ಚೀಲದಿಂದ ತೆಗೆದು ಕೊಟ್ಟೆ. ಕನ್ನಡಕ ಏರಿಸಿಕೊಂಡು ಕವರನ್ನು ನೋಡಿದರು, ಜೇಬಿನಿಂದ ಪೆನ್ನು ತೆಗೆದರು. ಪಿಟೀಲು ಎಂದಿದ್ದ ಸಾಲಿನಲ್ಲಿ ತಮ್ಮ ಹೆಸರನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಅದರ ಮೇಲೆ ನಿಧಾನವಾಗಿ ಶ್ರೀಪಾದ ಎಂದು ಬರೆದರು. ಟೀಚರ ಹೆಸರನ್ನು ಮುಟ್ಟಲಿಲ್ಲ. ಶಾಯಿ ಒಣಗಲಿ ಎಂದು ಎರಡು ಸಲ ಊದಿ ನನ್ನ ಕೈಗೆ ಕೊಟ್ಟರು.

"ಈಗ ಸರಿಯಾಯ್ತು" ಎಂದರು. ಆಮೇಲೆ ಬಟ್ಲರನನ್ನು ಕರೆದು ನನಗೆ ಕಾಫಿ ಹೇಳಿದರು. ಆ ಕಾಫಿ ಕುಡಿದು ಮುಗಿಸುವುದು ನನಗೆ ಬಹಳ ಕಷ್ಟವಾಯಿತು.

ಆ ಸಿ.ಡಿ. ಈಗ ನಮ್ಮ ನಡುಮನೆಯ ಶೋಕೇಸಿನಲ್ಲಿ, ಬಂದವರ ಕಣ್ಣಿಗೆ ಬೀಳುವ ಜಾಗದಲ್ಲೇ ಇದೆ. ಕೆಲಸ ಕಲಿಯಲು ಬಂದವರು ಅದನ್ನು ಎತ್ತಿ ನೋಡುತ್ತಾರೆ. ಹೊಡೆದ ಗೆರೆಯ ಕೆಳಗಿನ ಹೆಸರನ್ನು ಓದಲು ಯತ್ನಿಸುತ್ತಾರೆ. ಆಮೇಲೆ ಮೇಲಿನದನ್ನು ಓದಿ, "ಸರ್, ನೀವು ಪಿಟೀಲೂ ನುಡಿಸ್ತಿದ್ರಾ?" ಎಂದು ಕೇಳುತ್ತಾರೆ. ಮೊದಮೊದಲು ಮಾತು ಹಾರಿಸುತ್ತಿದ್ದೆ. ಈಗ, ಹೌದು, ಒಂದೇ ಒಂದು ಸಲ ನುಡಿಸಿದ್ದೇನೆ, ನುಡಿಸುತ್ತಿದ್ದವರನ್ನು ಎಬ್ಬಿಸಿ ಕಳಿಸಿ ನುಡಿಸಿದ್ದೇನೆ ಎನ್ನುತ್ತೇನೆ.